ಬಾಡಿಗೆ ಮನೆಯ ಅಲಂಕಾರ: ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ

ಬಾಡಿಗೆ ಮನೆಯನ್ನು ಅಲಂಕರಿಸುವವರಿಗೆ ಸ್ವಂತ ಮನೆಯವರಿಗಿಲ್ಲದ ಒಂದು ಲೆಕ್ಕ ಇರುತ್ತದೆ. ಬೆಂಗಳೂರಿನಲ್ಲಿ ಕರಾರು ಸಾಮಾನ್ಯವಾಗಿ 11 ತಿಂಗಳಿನದು. ಖಾಲಿ ಮಾಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳುವುದು ಇಲ್ಲಿನ ರೂಢಿ. ಹೀಗಿರುವಾಗ ಗೋಡೆಗೂ ನೆಲಕ್ಕೂ ಅಂಟಿಸಿದ ಪ್ರತಿ ರೂಪಾಯಿ ಮನೆ ಮಾಲೀಕರ ಪಾಲು. ಲಾರಿ ಹತ್ತುವುದಷ್ಟೇ ನಮ್ಮದು. ಈ ಅಳತೆಗೋಲನ್ನು ಹಿಡಿದು, ನಾನು ಬಳಸಿ ನೋಡಿದ ವಸ್ತುಗಳನ್ನು ಇಲ್ಲಿ ಎದುರುಬದುರು ಇಟ್ಟಿದ್ದೇನೆ. ಬೆಲೆಗಳು ನಾನು ಕೊಟ್ಟವು. ಊರು, ಅಂಗಡಿ, ಚೌಕಾಸಿಗೆ ತಕ್ಕಂತೆ ಹೆಚ್ಚುಕಡಿಮೆ ಆಗುತ್ತವೆ.

ಬೆಳಕು

ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಬದಲಾವಣೆ ತರುವುದು ಬಲ್ಬು. ಹೆಚ್ಚಿನ ಬಾಡಿಗೆ ಮನೆಗಳಲ್ಲಿ ಅಪ್ಪಟ ಬಿಳಿಯ ಟ್ಯೂಬ್‌ಲೈಟ್ ಇರುತ್ತದೆ. ಎಲ್‌ಇಡಿ ಪೆಟ್ಟಿಗೆಯ ಮೇಲೆ 6500 ಕೆಲ್ವಿನ್ ಎಂದು ಬರೆದಿರುವುದು ಈ ಬೆಳಕೇ. ತರಕಾರಿ ಹೆಚ್ಚುವುದಕ್ಕೆ, ಮಕ್ಕಳ ಓದಿಗೆ ಇದು ಸರಿಯೇ. ಆದರೆ ನಡುಮನೆಯಲ್ಲಿ ಇದರ ಕೆಳಗೆ ಮರದ ಬಣ್ಣ ಬೂದಿಯಾಗುತ್ತದೆ, ಬಟ್ಟೆಯ ಕೆಂಪು ಸತ್ತಂತೆ ಕಾಣುತ್ತದೆ. ಅದೇ ಜಾಗಕ್ಕೆ ಹಳದಿ ಬೆಳಕಿನ, 3000 ಕೆಲ್ವಿನ್‌ನ 9 ವ್ಯಾಟ್ ಬಲ್ಬ್ ಹಾಕಿದೆ. ನೂರೈವತ್ತು ರೂಪಾಯಿಯ ಒಳಗಿನ ಖರ್ಚು. ಅದೇ ಕುರ್ಚಿ, ಅದೇ ಪರದೆ, ಕೋಣೆ ಮಾತ್ರ ಬೇರೆ. 2700 ಕೆಲ್ವಿನ್ ಇನ್ನೂ ಹಳದಿ. ಮಲಗುವ ಕೋಣೆಗೆ ಒಳ್ಳೆಯದು, ಆದರೆ ಮಾಲೀಕರು ಕೆನೆ ಬಣ್ಣದ ಡಿಸ್ಟೆಂಪರ್ ಹೊಡೆಸಿದ ಕೋಣೆಯಲ್ಲಿ ಗೋಡೆಗೆ ಅರಿಸಿನ ಬಳಿದಂತೆ ಕಾಣುತ್ತದೆ. ಅಂಥಲ್ಲಿ 4000 ವಾಸಿ.

ಬಣ್ಣ ಬದಲಾಯಿಸುವ, ಅಂಟಿಸುವ ಎಲ್‌ಇಡಿ ಪಟ್ಟಿಯನ್ನೂ ಬಳಸಿದ್ದೇನೆ. ಮೊದಲ ವಾರ ಮನೆಗೆ ಬಂದವರೆಲ್ಲ ಮೆಚ್ಚುತ್ತಾರೆ. ಆಮೇಲೆ ಅಂಟು ಬಿಡುತ್ತದೆ, ಬಿಡುವಾಗ ಸುಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಅದಕ್ಕಿಂತ ಬೆತ್ತದ ಬುಟ್ಟಿಯಂಥ ಲ್ಯಾಂಪ್‌ಶೇಡ್ ಎಷ್ಟೋ ಮೇಲು. ಸುಮಾರು ಆರುನೂರು ರೂಪಾಯಿಗೆ ಸಿಕ್ಕಿತು, ಇದ್ದ ಹೋಲ್ಡರಿಗೇ ತೂಗಿಬಿಟ್ಟೆ, ರಾತ್ರಿ ಗೋಡೆಯ ತುಂಬ ಹೆಣಿಗೆಯ ನೆರಳು ಬೀಳುತ್ತದೆ. ಕಾಗದದ ಗುಂಡು ದೀಪ ಇನ್ನೂ ಅಗ್ಗ, ಆದರೆ ಧೂಳು ಕುಳಿತರೆ ಒರೆಸಲು ಬರುವುದಿಲ್ಲ. ಬೆತ್ತವಾಗಲಿ ಕಾಗದವಾಗಲಿ, ಒಳಗೆ ಎಲ್‌ಇಡಿಯನ್ನೇ ಹಾಕಿ. ಹಳೆಯ ತಂತಿಯ ಬಲ್ಬಿನ ಕಾವು ಇವುಗಳಿಗೆ ಆಗುವುದಿಲ್ಲ.

ಪರದೆ

ಪರದೆಯ ವಿಷಯದಲ್ಲಿ ನನ್ನ ಮನೆಯಲ್ಲಿ ಮೂರು ಬಗೆ ಪೈಪೋಟಿಗೆ ಇಳಿದಿದ್ದವು: ಅಂಗಡಿಯ ಸಿದ್ಧ ಪಾಲಿಯೆಸ್ಟರ್, ಗಜದ ಲೆಕ್ಕದ ಕೈಮಗ್ಗದ ಹತ್ತಿ, ಮನೆಯಲ್ಲೇ ಇದ್ದ ಹಳೆಯ ಸೀರೆ.

ಪಾಲಿಯೆಸ್ಟರ್ ಪರದೆಗೆ ಅದರದೇ ಗುಣಗಳಿವೆ. ಏಳು ಅಡಿಯ ಬಾಗಿಲಿಗೆ ಜೋಡಿಗೆ ಎಂಟುನೂರರ ಆಸುಪಾಸು. ರಿಂಗ್ ಕೂಡಿಸಿಯೇ ಬರುತ್ತದೆ, ತೊಳೆದರೆ ಗಂಟೆಯಲ್ಲಿ ಒಣಗುತ್ತದೆ, ಇಸ್ತ್ರಿ ಬೇಡ, ಬಣ್ಣ ಬೇಗ ಬಿಡದು. ಆದರೆ ಅದರ ಹೊಳಪೇ ಅದರ ಶತ್ರು. ಹಗಲಿನಲ್ಲಿ ಬೆಳಕು ಅದರ ಮೇಲೆ ಜಾರುತ್ತದೆ, ಒಳಗೆ ಹಾಯುವುದಿಲ್ಲ. ಏಪ್ರಿಲ್‌ನಲ್ಲಿ ಪಡುವಣ ಕಿಟಕಿಗೆ ಹಾಕಿದರೆ ಬಿಸಿ ಗಾಳಿಯನ್ನು ಕೂಡಿಹಾಕಿದಂತಾಗುತ್ತದೆ. ಮೇಲಾಗಿ ಅಚ್ಚಿನ ಅದೇ ಹೂಬಳ್ಳಿ ಪಕ್ಕದ ಮನೆಯಲ್ಲೂ ಇರುತ್ತದೆ.

ಕೈಮಗ್ಗದ ಹತ್ತಿ ಅಂದದಲ್ಲಿ ಎಲ್ಲಕ್ಕಿಂತ ಮುಂದೆ. ದಪ್ಪ ನೂಲಿನ ಬಟ್ಟೆ ತನ್ನ ಭಾರಕ್ಕೇ ನೆರಿಗೆ ಹಿಡಿದು ನೆಟ್ಟಗೆ ಇಳಿಯುತ್ತದೆ. ಖರ್ಚು ಮಾತ್ರ ಪಾಲಿಯೆಸ್ಟರಿನ ಮೂರು ಪಟ್ಟು, ಹೊಲಿಗೆ ಬೇರೆ. ಕೊಳ್ಳುವುದಾದರೆ ಕತ್ತರಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಒಣಗಿಸಿ. ಹತ್ತಿ ಮೊದಲ ಒಗೆತದಲ್ಲೇ ಕುಗ್ಗುತ್ತದೆ. ನೆಲ ಮುಟ್ಟುವ ಪರದೆ ಪಾದದ ಮೇಲಕ್ಕೆ ಹೋಗಿ ನಿಂತರೆ ನೋಡಲು ಚೆನ್ನಾಗಿರುವುದಿಲ್ಲ.

ನನ್ನ ಮಟ್ಟಿಗೆ ಗೆದ್ದದ್ದು ಹಳೆಯ ಹತ್ತಿ ಸೀರೆ. ಲೆಕ್ಕ ನೋಡಿ. ಸೀರೆಯ ಉದ್ದ ಸುಮಾರು ಐದೂವರೆ ಮೀಟರ್, ಎಂದರೆ ಹದಿನೆಂಟು ಅಡಿ. ಏಳು ಅಡಿಯ ಬಾಗಿಲಿಗೆ ಮೇಲೆ ಕೆಳಗೆ ಮಡಚಿ ಹೊಲಿಯಲು ಒಂದಡಿ ಸೇರಿಸಿದರೂ ಎಂಟೆಂಟು ಅಡಿಯ ಎರಡು ಪರದೆ ಬರುತ್ತವೆ, ಎರಡಡಿ ಉಳಿಯುತ್ತದೆ. ಉಳಿದದ್ದರಲ್ಲಿ ಒಂದು ದಿಂಬುಗವಸು, ಪರದೆಯನ್ನು ಪಕ್ಕಕ್ಕೆ ಕಟ್ಟುವ ಪಟ್ಟಿಗಳು ಆಗುತ್ತವೆ. ಸೀರೆಯ ಅಗಲ ನಲವತ್ತೈದು ಇಂಚಿನ ಆಸುಪಾಸು. ಸಿದ್ಧ ಪರದೆಯ ನಾಲ್ಕು ಅಡಿಗೆ ಹೆಚ್ಚು ಕಡಿಮೆ ಸಮ. ನಮ್ಮ ಬೀದಿಯ ದರ್ಜಿ ಒಂದು ಪರದೆಗೆ ನೂರೈವತ್ತು ತೆಗೆದುಕೊಂಡರು. ಹೊಸ ಪಾಲಿಯೆಸ್ಟರ್ ಜೋಡಿಯ ಅರ್ಧ ಬೆಲೆಗೂ ಕಡಿಮೆ. ಸೀರೆಗೆ ಎರಡೂ ಕಡೆ ಅಂಚು ನೇಯ್ದೇ ಬಂದಿರುವುದರಿಂದ ಪಕ್ಕದ ಹೊಲಿಗೆಯ ಕೆಲಸವೇ ಇಲ್ಲ. ಆ ಅಂಚು ಬಾಗಿಲಿನ ಚೌಕಟ್ಟಿನ ಉದ್ದಕ್ಕೂ ಗೆರೆ ಎಳೆದಂತೆ ನಿಲ್ಲುತ್ತದೆ, ಅದಕ್ಕಿಂತ ಅಂದದ ಅಲಂಕಾರವನ್ನು ಯಾವ ಅಂಗಡಿಯೂ ಕೊಡಲಾರದು.

ಕೆಲವು ಎಚ್ಚರಿಕೆಗಳಿವೆ. ತೆಳು ಸೀರೆಯ ಪರದೆ ಹಾಕಿ ರಾತ್ರಿ ಕೋಣೆಯಲ್ಲಿ ದೀಪ ಹಚ್ಚಿದರೆ ಒಳಗಿನದೆಲ್ಲ ಹೊರಗಿನವರಿಗೆ ಕಾಣುತ್ತದೆ. ರಸ್ತೆಯ ಕಡೆಯ ಕಿಟಕಿಗೆ ಹಿಂದೆ ಮಂದವಾದ ಬಿಳಿ ಬಟ್ಟೆಯ ಒಳಪದರ ಕೊಡಿಸಿ. ಇಳಕಲ್ ಸೀರೆಯನ್ನು ಪರದೆ ಮಾಡುವವರು ಸೆರಗಿನ ಬಗ್ಗೆ ಯೋಚಿಸಬೇಕು. ಅಲ್ಲಿ ಒಡಲಿನ ಹಾಸನ್ನೂ (ಮಗ್ಗದ ಉದ್ದದ ನೂಲು) ಸೆರಗಿನ ಹಾಸನ್ನೂ ಕುಣಿಕೆ ಹಾಕಿ ಸೇರಿಸಿರುತ್ತಾರೆ, ಸೆರಗು ರೇಷ್ಮೆಯದು. ರೇಷ್ಮೆಗೆ ನೇರ ಬಿಸಿಲು ಆಗದು, ಕೆಲ ವರ್ಷಗಳಲ್ಲಿ ಮುಟ್ಟಿದರೆ ಹರಿಯುವ ಸ್ಥಿತಿಗೆ ಬರುತ್ತದೆ. ಬಿಸಿಲು ಬೀಳದ, ಕೋಣೆಗಳ ನಡುವಿನ ಬಾಗಿಲಿಗೆ ಹಾಕಿ, ಸೆರಗು ಕೆಳಗೆ ಬರುವಂತೆ ಹೊಲಿಸಿದರೆ ಸೆರಗಿನ ಕೆಂಪು ನೆಲದ ಹತ್ತಿರ ಕಣ್ಣು ತುಂಬುತ್ತದೆ. ಅಜ್ಜಿಯ ಅಥವಾ ಅಮ್ಮನ ಸೀರೆಯಾದರೆ ಕತ್ತರಿ ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ. ನನ್ನ ಅಮ್ಮ ಎರಡು ಸೀರೆ ಕೊಟ್ಟರು, ಒಂದನ್ನು ಮಾತ್ರ ಕೊಡುವುದಿಲ್ಲ ಎಂದರು. ಅದು ಇಂದಿಗೂ ಬೀರುವಿನಲ್ಲೇ ಇದೆ, ಅಲ್ಲೇ ಇರಬೇಕಾದದ್ದು.

ಮರದ ಸಾಮಾನು

ನಿಜವಾದ ದುಡ್ಡು ಹೋಗುವುದು ಇಲ್ಲಿ. ನನ್ನ ಅಭಿಪ್ರಾಯ ಗಟ್ಟಿಯಾಗಿರುವುದೂ ಇಲ್ಲೇ.

ಮೊದಲು ತಿಂಗಳ ಬಾಡಿಗೆಗೆ ಸಿಗುವ ಪೀಠೋಪಕರಣ. ಮಂಚ, ಸೋಫಾ, ಮೇಜು ಎಲ್ಲವನ್ನೂ ಅವರೇ ತಂದು ಜೋಡಿಸಿ ಹೋಗುತ್ತಾರೆ. ಆರು ತಿಂಗಳ ತರಬೇತಿಗೋ ಒಂದು ವರ್ಷದ ಕೆಲಸಕ್ಕೋ ಬಂದವರಿಗೆ ಇದೇ ಸರಿ, ಎರಡನೆಯ ಮಾತಿಲ್ಲ. ಅದಕ್ಕಿಂತ ಹೆಚ್ಚು ಕಾಲ ಇರುವವರು ಕಟ್ಟಿದ ಕಂತುಗಳನ್ನು ಒಮ್ಮೆ ಕೂಡಿ ನೋಡಬೇಕು. ವಸ್ತುವಿನ ಬೆಲೆಯನ್ನು ಮೀರಿದ ಮೇಲೂ ವಸ್ತು ನಮ್ಮದಾಗಿರುವುದಿಲ್ಲ.

ಎರಡನೆಯದು ಪಾರ್ಟಿಕಲ್ ಬೋರ್ಡಿನ ಹೊಸ ಸಾಮಾನು. ಮರದ ಪುಡಿ, ಚಕ್ಕೆಗಳನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ, ಮೇಲೆ ಮರದ ಚಿತ್ರವಿರುವ ಹಾಳೆ. ನಾಲ್ಕೂವರೆ ಸಾವಿರಕ್ಕೆ ಪುಸ್ತಕದ ಕಪಾಟು ಬಂತು. ನೋಡಲು ಅಚ್ಚುಕಟ್ಟು, ಮೂಲೆಗಳು ನೇರ. ವಸ್ತು ಇಟ್ಟಲ್ಲೇ ಇದ್ದರೆ ಬಾಳುತ್ತದೆ. ತೊಂದರೆ ಶುರುವಾಗುವುದು ಮನೆ ಬದಲಿಸುವಾಗ. ಈ ಹಲಗೆಯಲ್ಲಿ ಉದ್ದದ ನಾರು ಇಲ್ಲ, ಒಮ್ಮೆ ಬಿಚ್ಚಿ ಮತ್ತೆ ಬಿಗಿದ ಸ್ಕ್ರೂ ಮೊದಲಿನಂತೆ ಕಚ್ಚುವುದಿಲ್ಲ. ನೆಲ ಒರೆಸುವ ನೀರು ದಿನವೂ ತಾಗಿ ಬುಡದ ಅಂಚು ಅವಲಕ್ಕಿ ನೆನೆದಂತೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಪುಸ್ತಕದ ಭಾರಕ್ಕೆ ಅಡ್ಡ ಹಲಗೆ ನಡುವೆ ಬಾಗುತ್ತದೆ. ಬಡಗಿಗೆ ತೋರಿಸಿದರೆ ಅವರು ಕೈಯಾಡಿಸಿ ನೋಡಿ, ಇದರಲ್ಲಿ ನಾನು ಮಾಡುವಂಥದ್ದು ಏನೂ ಇಲ್ಲ ಎನ್ನುತ್ತಾರೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇರುವವರು ಇದರ ಆಸೆಯನ್ನೇ ಬಿಡಿ. ಆ ಮಳೆಗಾಲಕ್ಕೆ ಇದು ತಡೆಯುವುದಿಲ್ಲ.

ಮೂರನೆಯದು ಹಳೆಯ ಮರ. ಬೆಂಗಳೂರಿನ ಶಿವಾಜಿನಗರದ ಕಡೆ ಬಳಸಿದ ಪೀಠೋಪಕರಣ ಮಾರುವ ಅಂಗಡಿಗಳಿವೆ. ಹಳೆಯ ಕಚೇರಿಗಳು, ಕೆಡವಿದ ಮನೆಗಳ ಸಾಮಾನೆಲ್ಲ ಅಂಥಲ್ಲಿಗೆ ಬಂದು ಸೇರುತ್ತದೆ. ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲೂ ಹುಡುಕಿದರೆ ಸಿಗುತ್ತವೆ. ಮೂರೂವರೆ ಸಾವಿರಕ್ಕೆ ಎರಡು ಖಾನೆಯ ತೇಗದ ಮೇಜು ಕೊಂಡೆ, ಸರಕು ಆಟೋ ಮತ್ತು ಪಾಲಿಶ್ ಸೇರಿ ಐದೂವರೆ ಸಾವಿರ ಮುಟ್ಟಿತು. ಹೊಸ ತೇಗದಲ್ಲಿ ಇದನ್ನು ಮಾಡಿಸಲು ಹೋದರೆ ಆ ದುಡ್ಡು ಮರಕ್ಕೂ ಸಾಲದು.

ಇಲ್ಲಿ ಆರಿಸುವ ಕಣ್ಣು ಬೇಕು. ಅಂಗಡಿಯವರು ಮೇಲ್ಮೈಗೆ ಗಾಢ ಬಣ್ಣ ಬಳಿದಿರುತ್ತಾರೆ, ಅದನ್ನು ನೋಡಬೇಡಿ. ಖಾನೆಯನ್ನು ಪೂರ್ತಿ ಹೊರಗೆಳೆದು ತಲೆಕೆಳಗು ಮಾಡಿ. ತಳ ಮತ್ತು ಹಿಂಬದಿಗೆ ಯಾರೂ ಪಾಲಿಶ್ ಮಾಡುವುದಿಲ್ಲ, ಮರದ ನಿಜವಾದ ಬಣ್ಣ ಅಲ್ಲಿ ಕಾಣುತ್ತದೆ. ಸೂಜಿಮೊನೆಯಷ್ಟು ದುಂಡನೆಯ ತೂತುಗಳಿದ್ದು, ಬಡಿದಾಗ ಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಒಳಗಿದೆ ಎಂದರ್ಥ. ಅದನ್ನು ಅಲ್ಲೇ ಬಿಟ್ಟು ಬನ್ನಿ, ಮನೆಯ ಉಳಿದ ಮರಕ್ಕೂ ಹಬ್ಬುತ್ತದೆ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಕಾಲು ಅಲುಗಾಡಿದರೆ ಹೆದರಬೇಕಾಗಿಲ್ಲ. ಕೀಲು ಕೂಡಿಸಿ ಮಾಡಿದ ಹಳೆಯ ಕೆಲಸವನ್ನು ಬಡಗಿ ಅಂಟು ಹಾಕಿ ಅರ್ಧ ದಿನದಲ್ಲಿ ಬಿಗಿಮಾಡುತ್ತಾರೆ. ಹಲಗೆಯ ಮೇಲ್ಮೈಯ ಗೆರೆಗಳು ಅಂಚಿನಲ್ಲೂ ಮುಂದುವರಿದಿವೆಯೇ ನೋಡಿ. ಅಂಚಿನಲ್ಲಿ ಪದರಪದರವಾಗಿ ಕಂಡರೆ ಅದು ಪ್ಲೈವುಡ್, ತೇಗದ ಬೆಲೆ ಕೊಡಬೇಕಿಲ್ಲ. ಬೆತ್ತ ಹರಿದ ಕುರ್ಚಿ ಬಹಳ ಅಗ್ಗಕ್ಕೆ ಸಿಗುತ್ತದೆ, ಆದರೆ ಹೆಣೆಸುವ ಕೂಲಿ ಕೇಳಿಕೊಂಡೇ ಕೊಳ್ಳಿ. ಕೆಲವೊಮ್ಮೆ ಕೂಲಿ ಕುರ್ಚಿಯನ್ನು ಮೀರುತ್ತದೆ.

ಪಾಲಿಶಿನಲ್ಲೂ ಎರಡು ದಾರಿ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತಿಕ್ಕುವ ಹಳೆಯ ಫ್ರೆಂಚ್ ಪಾಲಿಶ್ ಮರದ ಒಳಗಿನ ಬಣ್ಣವನ್ನು ಎತ್ತಿ ತೋರಿಸುತ್ತದೆ, ಅಗ್ಗವೂ ಹೌದು. ಆದರೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಏಳುತ್ತದೆ. ಮೆಲಮೈನ್ ಗಟ್ಟಿ, ದುಬಾರಿ, ಸ್ವಲ್ಪ ಪ್ಲಾಸ್ಟಿಕ್ಕಿನ ಹೊಳಪು. ಊಟದ ಮೇಜಿಗೆ ಮೆಲಮೈನ್, ಉಳಿದದ್ದಕ್ಕೆಲ್ಲ ಅರಗು ಎಂಬುದು ನನ್ನ ತೀರ್ಮಾನ.

ಗೋಡೆ, ನೆಲ, ಚಿಕ್ಕಪುಟ್ಟದ್ದು

ಗೋಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಟಿಸುವ ವಾಲ್‌ಪೇಪರ್ ಎಮಲ್ಷನ್ ಬಣ್ಣ ಹೊಡೆದ ಗೋಡೆಯ ಮೇಲೆ ನಿಲ್ಲುತ್ತದೆ, ಡಿಸ್ಟೆಂಪರ್ ಮೇಲೆ ನಿಲ್ಲುವುದಿಲ್ಲ. ತೇವದ ಗೋಡೆಯಲ್ಲಿ ಅದರ ಹಿಂದೆ ಬೂಷ್ಟು ಬೆಳೆಯುತ್ತದೆ. ಒಂದೇ ಗೋಡೆಗೆ ಗಾಢ ಬಣ್ಣ ಹೊಡೆಸುವುದು ಅದಕ್ಕಿಂತ ಚೆಂದ, ಅಗ್ಗ. ಆದರೆ ಮಾಲೀಕರ ಒಪ್ಪಿಗೆ ಬೇಕು, ಬಿಡುವಾಗ ಮತ್ತೆ ಬಿಳಿ ಮಾಡಿಕೊಡಬೇಕು. ಇವೆರಡನ್ನೂ ಸೋಲಿಸುವ ಮೂರನೆಯದು ಗುಳೇದಗುಡ್ಡದ ಖಣ. ರವಿಕೆಗೆಂದೇ ನೇಯುವ ಬಟ್ಟೆ, ಅಗಲ ಕಡಿಮೆ, ಒಡಲಿನ ತುಂಬ ಪುಟ್ಟಪುಟ್ಟ ಬುಟ್ಟಾ. ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲಿ ಮರದ ಚೌಕಟ್ಟಿಗೆ ಬಿಗಿಸಿ ಕೊಡಲು ಹೇಳಿ. ಮಾವಿನ ಹಸಿರು, ಕುಂಕುಮ, ನೇರಳೆ ಮೂರು ಖಣಗಳನ್ನು ಸಾಲಾಗಿ ತೂಗುಹಾಕಿದ ಬಿಳಿ ಗೋಡೆಗೆ ಬೇರೇನೂ ಬೇಡ. ಮೂರು ಮೊಳೆ ಸಾಕು.

ನೆಲಕ್ಕೆ ಯಂತ್ರದಲ್ಲಿ ಮಾಡಿದ ಸಿಂಥೆಟಿಕ್ ರಗ್ಗು ಮೆತ್ತಗಿರುತ್ತದೆ, ಧೂಳನ್ನು ನುಂಗಿ ಕೂರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಇಲ್ಲದ ಮನೆಗೆ ಸಲ್ಲದು. ಚಾಪೆ ಅಗ್ಗ, ತಂಪು, ಮಡಚಿಟ್ಟಲ್ಲಿ ಮುರಿಯುತ್ತದೆ. ಧಾರವಾಡ ಜಿಲ್ಲೆಯ ನವಲಗುಂದದ ಹೆಂಗಸರು ನೇಯುವ ಹತ್ತಿಯ ಜಮಖಾನ ಇವೆಲ್ಲಕ್ಕಿಂತ ದುಬಾರಿ, ನಿಜ. ಆದರೆ ನವಿಲಿನಂಥ ವಿನ್ಯಾಸಗಳಿಗೆ ಬೇರೆ ಸಾಟಿಯಿಲ್ಲ. ಕೊಡವಿದರೆ ಧೂಳು ಹೋಗುತ್ತದೆ, ಸುತ್ತಿ ಹೆಗಲಿಗೇರಿಸಿಕೊಂಡು ಹೊರಡಬಹುದು. ದೊಡ್ಡದಕ್ಕೆ ದುಡ್ಡು ಸಾಲದಿದ್ದರೆ ಚಿಕ್ಕದನ್ನೇ ಕೊಂಡು ಕೂರುವ ಜಾಗದ ಮುಂದೆ ಹಾಸಿ. ಕೋಣೆ ತುಂಬ ಹಾಸಿದ ಅಗ್ಗದ ರಗ್ಗಿಗಿಂತ ಅದಕ್ಕೆ ಕಳೆ ಹೆಚ್ಚು.

ಕಪಾಟಿನ ಮೇಲೆ ಇಡಲು ಅಚ್ಚಿನಲ್ಲಿ ಎರೆದ ರಾಳದ ಬುದ್ಧನ ಬದಲು ಚನ್ನಪಟ್ಟಣದ ಮರದ ಬಟ್ಟಲನ್ನೋ ಬುಗುರಿಗಳನ್ನೋ ಇಡಿ. ಹಾಲೆ ಮರವನ್ನು ಲೇತ್ ಯಂತ್ರದಲ್ಲಿ ತಿರುಗಿಸಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಬಿಸಿಲಲ್ಲಿ, ನೀರಲ್ಲಿ ಇಡಬೇಡಿ, ಅಷ್ಟೇ.

ಗಿಡಗಳಿಗೆ ಲಾಲ್‌ಬಾಗ್ ಬಳಿಯ ಸಿದ್ದಾಪುರದ ನರ್ಸರಿಗಳಿಗೆ ಹೋಗಿ. ದೊಡ್ಡ ಅಂಗಡಿಗಳಲ್ಲಿ ಕೊಡುವುದು ಬಹುಪಾಲು ಕುಂಡದ ಬೆಲೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಎರಡೂ ಕಡಿಮೆ ಬೆಳಕಿಗೆ ಬಗ್ಗುತ್ತವೆ, ಮಣ್ಣು ಒಣಗಿದ ಮೇಲೆ ನೀರು ಹಾಕಿದರೆ ಸಾಕು. ಮಣ್ಣಿನ ಕುಂಡ ಬೇರಿಗೆ ಒಳ್ಳೆಯದು, ಆದರೆ ಭಾರ, ಸಾಗಿಸುವಾಗ ಒಡೆಯುತ್ತದೆ. ಪ್ಲಾಸ್ಟಿಕ್ ಕುಂಡವನ್ನು ಹಾಗೇ ಬಿದಿರಿನ ಬುಟ್ಟಿಯೊಳಗೆ ಇಳಿಸಿ, ಕೆಳಗೊಂದು ತಟ್ಟೆ ಇಡಿ. ಇಲ್ಲವಾದರೆ ಬುಟ್ಟಿಯ ತಳ ಕೊಳೆಯುತ್ತದೆ.