ಹೊಟ್ಟೆ ಕರಗಿಸಲು ನಡಿಗೆಯೋ, ಡಂಬೆಲ್ಲೋ, ಊಟದ ಕಡಿತವೋ?

ಈ ಮೂರರಲ್ಲಿ ಯಾವುದು ಮೇಲು ಎಂಬುದು ಹಲವರ ಪ್ರಶ್ನೆ. ಮೊದಲೇ ಒಂದು ಮಾತು: ಹೊಟ್ಟೆಯ ಕೊಬ್ಬನ್ನು ಮಾತ್ರ ಆರಿಸಿ ಕರಗಿಸಲು ಆಗಲ್ಲ. ದಿನಾ ನೂರು ಕ್ರಂಚಸ್ (ಅಂಗಾತ ಮಲಗಿ ತಲೆ-ಭುಜ ಎತ್ತುವ ವ್ಯಾಯಾಮ) ಹೊಡೆದರೆ ಒಳಗಿನ ಸ್ನಾಯು ಗಟ್ಟಿಯಾಗುತ್ತದೆ, ಮೇಲಿನ ಪದರ ಹಾಗೇ ಇರುತ್ತದೆ.

ತೂಕ ಇಳಿಯುವ ವೇಗ ನೋಡಿದರೆ ಊಟದ ಕಡಿತವೇ ಮುಂದೆ. ಒಂದು ಕಿಲೋ ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ಅರ್ಧ ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ 150. ಒಂದು ದೊಡ್ಡ ಲೋಟ ಸಿಹಿ ಪಾನೀಯ ಬಿಟ್ಟರೂ ಅಷ್ಟೇ ಲಾಭ, ಅದೂ ಬೆವರಿಲ್ಲದೆ!

ಆದರೆ ಸುಮ್ನೆ ಊಟ ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಇಲ್ಲಿ ಡಂಬೆಲ್ ಮೇಲು. ವಾರಕ್ಕೆ 2-3 ದಿನ ಸಾಕು, ಪ್ರೋಟೀನ್ ಮಾತ್ರ ಕಡಿಮೆಯಾಗಬಾರದು. ಕೆಲವೊಮ್ಮೆ ತಕ್ಕಡಿ ಕದಲುವುದೇ ಇಲ್ಲ, ಬೆಲ್ಟ್ ಮಾತ್ರ ಒಂದು ತೂತು ಒಳಗೆ ಬಂದಿರುತ್ತದೆ. ನಾನಂತೂ ಟೇಪನ್ನೇ ನಂಬುತ್ತೇನೆ: ಬೆಳಿಗ್ಗೆ, ಉಸಿರು ಬಿಟ್ಟು, ಹೊಕ್ಕುಳ ಮಟ್ಟದಲ್ಲಿ. ಹೊಟ್ಟೆ ಒಳಗೆಳೆದುಕೊಂಡು ಅಳೆಯಬೇಡಿ. ನಾವೆಲ್ಲಾ ಮಾಡುವ ಮೋಸ ಅದು, ಅಲ್ವಾ?

ಖರ್ಚು ಕಡಿಮೆ, ಮಾಡಲೂ ಸುಲಭ ಎಂದರೆ ನಡಿಗೆ. ಒಂದು ಜೊತೆ ಶೂ ಸಾಕು. ತೂಕ ಅಷ್ಟಾಗಿ ಇಳಿಯದಿದ್ದರೂ ಅಂಗಾಂಗಗಳ ಸುತ್ತ ಕೂತ ಒಳಗಿನ ಕೊಬ್ಬು ಇದಕ್ಕೆ ಬಗ್ಗುತ್ತದೆ.

ಕೈಕಾಲು ಸಣ್ಣಗಿದ್ದು ಹೊಟ್ಟೆಯಷ್ಟೇ ಮುಂದೆ ಬಂದಿದೆಯೇ? ಊಟ ಜಾಸ್ತಿ ಕತ್ತರಿಸಬೇಡಿ, ಡಂಬೆಲ್ ಹಿಡಿಯಿರಿ. ಮೈಯೆಲ್ಲಾ ದಪ್ಪ, ಸಮಯವೂ ಇಲ್ಲ ಎಂದರೆ ತಟ್ಟೆಯಿಂದ ಶುರು ಮಾಡಿ. ವರ್ಷಗಟ್ಟಲೆ ಮೈ ಬಗ್ಗಿಸದವರಿಗೆ ಮೊದಲ ತಿಂಗಳು ನಡಿಗೆಯೇ ಸರಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಊಟ ಇಳಿಸುವ ಮುಂಚೆ ಡಾಕ್ಟರನ್ನು ಕೇಳಿ.