ಉದ್ಯಾನದ ಮನವಿಗೆ ಪುರಸಭೆಯ ಹಿಂಬರಹ: ಒಂದು ಸೇವೆಯ ವಿಮರ್ಶೆ

ಬಾಗಲಕೋಟೆ ಜಿಲ್ಲೆಯ ಒಂದು ಪಟ್ಟಣದ ಪುರಸಭೆಯು, ಉದ್ಯಾನದ ಜಾಗಗಳ ಕುರಿತು ನಿವಾಸಿಗಳು ಸಲ್ಲಿಸುವ ಮನವಿಗಳನ್ನು ಹೇಗೆ ಸ್ವೀಕರಿಸುತ್ತದೆ ಮತ್ತು ಅವುಗಳಿಗೆ ಹಿಂಬರಹದಲ್ಲಿ, ಅಂದರೆ ಕಚೇರಿಯ ಲಿಖಿತ ಉತ್ತರದಲ್ಲಿ, ಏನು ಹೇಳುತ್ತದೆ ಎಂಬುದನ್ನು, ಆ ಸೇವೆಯನ್ನು ಬಳಸಿದ ಒಬ್ಬ ಕರದಾತನಾಗಿ ಇಲ್ಲಿ ಬರೆಯುತ್ತಿದ್ದೇನೆ. ಪಟ್ಟಣದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಮೊದಲು ಮೆಚ್ಚಬೇಕಾದದ್ದು ಟಪಾಲು ವಿಭಾಗವನ್ನು. ಮನವಿಯ ಎರಡು ಪ್ರತಿ ಒಯ್ದರೆ ಒಂದರ ಮೇಲೆ ಮೊಹರು ಒತ್ತಿ, ದಿನಾಂಕ ಮತ್ತು ಆವಕ ಸಂಖ್ಯೆ ಬರೆದು ಅಲ್ಲಿಯೇ ಮರಳಿಸುತ್ತಾರೆ. ಸದಸ್ಯರ ಶಿಫಾರಸು ಬೇಕಿಲ್ಲ, ‘ಸಾಹೇಬರು ಮೀಟಿಂಗ್‌ಗೆ ಹೋಗ್ಯಾರ, ನಾಳಿ ಬರ್ರಿ’ ಎಂಬ ಮಾತೂ ಕೇಳಿಬರಲಿಲ್ಲ. ರಾಜ್ಯ ಸರಕಾರದ 1902 ಸಹಾಯವಾಣಿಯ ಮೂಲಕವೂ ದೂರು ದಾಖಲಿಸಬಹುದು. ಆದರೆ ಇಂಥ ದೂರು ಕೊನೆಗೆ ಪರಿಹಾರಕ್ಕಾಗಿ ಬರುವುದು ಸ್ಥಳೀಯ ಕಚೇರಿಗೇ ಆದ್ದರಿಂದ, ನಕ್ಷೆ, ಫೋಟೊ ಮತ್ತು ಸಹಿಗಳ ಹಾಳೆ ಲಗತ್ತಿಸುವುದಿದ್ದರೆ ಖುದ್ದಾಗಿ ಕೊಡುವುದೇ ಮೇಲು.

ನಮ್ಮ ಬಡಾವಣೆಯವರು ಕೇಳಿದ್ದು ಇಷ್ಟು: ಉದ್ಯಾನದ ಬದಿಯ ಕೆಟ್ಟ ದೀಪಗಳ ದುರಸ್ತಿ, ನೆಟ್ಟ ಸಸಿಗಳಿಗೆ ಬೇಸಿಗೆಯಲ್ಲಿ ನೀರು, ಜಾಗ ಯಾರದೆಂದು ದಾಖಲೆಯಲ್ಲಿ ನೋಡಿ ಗಡಿಯ ಗುರುತು. ದೀಪಗಳು ಬೇಗನೆ ಹೊತ್ತಿಕೊಂಡವು. ನೀರಿನ ಟ್ಯಾಂಕರು ಒಮ್ಮೆ ಬಂದು ಹೋಯಿತು. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುವ ಈ ಜಿಲ್ಲೆಯಲ್ಲಿ, ವನಮಹೋತ್ಸವಕ್ಕೆ ನೆಟ್ಟ ಹೊಂಗೆಯ ಸಸಿ ಶಿವರಾತ್ರಿಯ ನಂತರದ ಬಿಸಿಲನ್ನು ಅಷ್ಟರಿಂದ ದಾಟಲಾರದು ಎಂಬುದು ಪುರಸಭೆಗೆ ತಿಳಿಯದ ಸಂಗತಿಯೇನಲ್ಲ. ಇವುಗಳ ಜೊತೆಗೆ, ಯಾರೂ ಕೇಳದಿದ್ದ ತೆರೆದ ವ್ಯಾಯಾಮಶಾಲೆಯ ಉಪಕರಣಗಳೂ ಬಂದವು. ಜಾಲಿ ಕಂಟಿಯನ್ನು ಕಡಿಯದೆ ಅದರ ನಡುವೆಯೇ ಕಾಂಕ್ರೀಟು ಸುರಿದು ನಿಲ್ಲಿಸಿದ ಸೈಕಲ್ಲಿಗೆ ಈಗ ಒಂದೇ ಪೆಡಲು ಉಳಿದಿದ್ದು, ಸದ್ಯಕ್ಕೆ ಅದು ಆಡು ಕಟ್ಟುವುದಕ್ಕೆ ಉಪಯೋಗವಾಗುತ್ತಿದೆ. ಟೆಂಡರು ಕರೆದು ಬಿಲ್ಲು ಪಾಸು ಮಾಡಬಹುದಾದ ಬೇಡಿಕೆಗೆ ಈ ಕಚೇರಿಯಲ್ಲಿ ಕಾಲು ಬರುತ್ತದೆ. ದಾಖಲೆ ತೆರೆದು ನೋಡಬೇಕಾದ ಬೇಡಿಕೆ ಕುಳಿತಲ್ಲೇ ಕುಳಿತಿರುತ್ತದೆ.

ಗಡಿಯ ಬೇಡಿಕೆಗೆ ಬಂದ ಹಿಂಬರಹವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅದು ಮೊದಲೇ ಟೈಪು ಮಾಡಿಟ್ಟ ಒಂದು ನಮೂನೆ. ‘ರಸ್ತೆ ಕಾಮಗಾರಿ’ ಎಂದಿದ್ದುದಕ್ಕೆ ಗೆರೆ ಎಳೆದು ಮೇಲೆ ಪೆನ್ನಿನಿಂದ ‘ಉದ್ಯಾನವನ’ ಎಂದು ಬರೆದಿದ್ದಾರೆ, ನಮೂದಿಸಿದ ಸರ್ವೆ ನಂಬರು ಊರಿನ ಇನ್ನೊಂದು ತುದಿಯ ಬಡಾವಣೆಯದು, ಕೆಳಗೆ ಮುಖ್ಯಾಧಿಕಾರಿಗಳ ‘ಪರವಾಗಿ’ ಒಂದು ಸಹಿ. ಒಕ್ಕಣೆ ಮಾತ್ರ ಎಲ್ಲರಿಗೂ ಬಾಯಿಪಾಠವಾಗಿರುವಂಥದ್ದೇ: ಸದರಿ ಕಾಮಗಾರಿಯನ್ನು ಅನುದಾನದ ಲಭ್ಯತೆಯ ಅನುಸಾರ ಕ್ರಿಯಾ ಯೋಜನೆಯಲ್ಲಿ ಸೇರಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಲಾಗುವುದು. ನಾವು ಕಾಮಗಾರಿಯನ್ನು ಕೇಳಿರಲೇ ಇಲ್ಲ. ಈ ಜಾಗ ಪುರಸಭೆಯದು ಹೌದೋ ಅಲ್ಲವೋ, ಹೌದಾದರೆ ಅದರ ನಾಲ್ಕು ಮೂಲೆ ಎಲ್ಲಿವೆ ಎಂದು ಕೇಳಿದ್ದೆವು. ಅದಕ್ಕೆ ಅನುದಾನ ಬೇಡ, ಒಂದು ಕಡತ ಬೇಕು. ಆದರೂ ಈ ಕಾಗದ ಹೊರಬಿದ್ದ ಕೂಡಲೇ ಕಚೇರಿಯ ಲೆಕ್ಕದಲ್ಲಿ ನಮ್ಮ ಮನವಿ ‘ವಿಲೇವಾರಿ’ಯಾಯಿತು. ಈ ಸೇವೆಯ ಅತಿ ದೊಡ್ಡ ದೋಷ ಇದೇ ಎಂದು ನನ್ನ ಅಭಿಪ್ರಾಯ.

ಗಡಿಗೆ ಇಷ್ಟು ಮಹತ್ವ ಏಕೆ ಎಂದು ಕೆಲವರು ಕೇಳಿದ್ದಾರೆ. ನಮ್ಮ ಭಾಗದಲ್ಲಿ ಜಮೀನನ್ನು ಬಿನ್‌ಶೇತ್ಕಿ (ಕೃಷಿಯೇತರ) ಮಾಡಿಸಿ ಬಡಾವಣೆ ಹಾಕುವಾಗ ಮಂಜೂರಾದ ನಕ್ಷೆಯಲ್ಲಿ ಉದ್ಯಾನಕ್ಕೆಂದು ಜಾಗ ಬಿಟ್ಟಿರುತ್ತಾರೆ. ಆ ಜಾಗವು ಹಸ್ತಾಂತರವಾಗಿ ಉತಾರದಲ್ಲಿ (ಮಾಲೀಕರ ಹೆಸರಿರುವ ಆಸ್ತಿ ದಾಖಲೆಯಲ್ಲಿ) ಪುರಸಭೆಯ ಹೆಸರು ಏರದೆ ಉಳಿದರೆ, ನಕ್ಷೆಯ ಹಸಿರು ಬಣ್ಣ ನಕ್ಷೆಯಲ್ಲೇ ಉಳಿಯುತ್ತದೆ. ಮೊದಲು ಯಾರೋ ಉಸುಕು, ಕಡಿ ಹಾಕುತ್ತಾರೆ. ಆಮೇಲೆ ಒಂದು ತಗಡಿನ ಶೆಡ್ಡು ಏಳುತ್ತದೆ. ಬೇವಿನ ಮರದ ಬುಡಕ್ಕೆ ಕಟ್ಟೆಯಾಗಿ, ಕಟ್ಟೆಗೆ ಗೋಡೆಯಾಗಿ, ಗೋಡೆಗೆ ಚಾವಣಿಯಾಗಿ, ಕೊನೆಗೆ ಅದೊಂದು ಗುಡಿಯಾಗುತ್ತದೆ. ಸಾರ್ವಜನಿಕ ಉದ್ಯಾನಗಳಲ್ಲಿ ಧರ್ಮದ ಹೆಸರಿನಲ್ಲಿ ಹೊಸ ಅನಧಿಕೃತ ಕಟ್ಟಡಕ್ಕೆ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟು 2009ರಲ್ಲಿಯೇ ಆದೇಶಿಸಿದೆ. ಆದರೆ ಉದ್ಯಾನ ಎಲ್ಲಿಂದ ಎಲ್ಲಿಯವರೆಗೆ ಎಂಬುದೇ ಗೊತ್ತಿಲ್ಲದ ಕಡೆ ಆ ಆದೇಶವನ್ನು ಯಾವ ಮೂಲೆಯಲ್ಲಿ ನಿಂತು ತೋರಿಸಬೇಕು? ಆಲಮಟ್ಟಿಯ ಹಿನ್ನೀರಿಗೆ ಸಿಕ್ಕ ಬಾಗಲಕೋಟೆಯವರಿಗಾಗಿ ಕಟ್ಟಿದ ನವನಗರವು ಸೆಕ್ಟರುಗಳ ನಕ್ಷೆ ಹಾಕಿಕೊಂಡೇ ಎದ್ದ ಊರು. ತುಂಡು ತುಂಡಾಗಿ ಬೆಳೆದ ನಮ್ಮಂಥ ಪಟ್ಟಣಗಳಿಗೆ ಆ ಅನುಕೂಲವಿಲ್ಲ.

ಕಾನೂನಿನ ಕೊರತೆಯಂತೂ ಇಲ್ಲ. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಅಧಿನಿಯಮವಿದ್ದು, ತನ್ನ ವ್ಯಾಪ್ತಿಯಲ್ಲಿರುವ ಇಂಥ ಜಾಗಗಳ ಪಟ್ಟಿ ಮಾಡುವ ಹೊಣೆಯನ್ನು ಅದು ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಮತ್ತು ಆ ಹಂಚಿಕೆ ಸಲ್ಲದೆಂದು ಸುಪ್ರೀಂ ಕೋರ್ಟು 1991ರಲ್ಲಿ ತೀರ್ಪು ನೀಡಿತು. ಅವರ ಕೈಯಲ್ಲಿ ಮಂಜೂರಾದ ಯೋಜನೆಯ ಆಧಾರವಿತ್ತು ಎಂಬುದನ್ನು, ಬರೀ ಸಹಿ ಸಂಗ್ರಹದಲ್ಲೇ ತೃಪ್ತರಾಗುವ ನಾವೆಲ್ಲ ಗಮನಿಸಬೇಕು.

ಆದ್ದರಿಂದ ಎರಡನೆಯ ಸುತ್ತಿನಲ್ಲಿ ಮನವಿಯನ್ನು ಬಿಟ್ಟು, 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ, 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಅರ್ಜಿ ಹಾಕಲಾಯಿತು: ಬಡಾವಣೆಯ ಮಂಜೂರಾದ ನಕ್ಷೆ, ಹಸ್ತಾಂತರದ ಕಾಗದ ಮತ್ತು ಉತಾರ, ಇವುಗಳ ದೃಢೀಕೃತ ಪ್ರತಿ ಬೇಕು ಎಂದು. ಇಲ್ಲಿ ಅದೇ ಕಚೇರಿಯ ವರ್ತನೆ ಬೇರೆಯೇ ಆಗಿತ್ತು ಎಂದು ಒಪ್ಪಬೇಕು. ಉತ್ತರಕ್ಕೆ 30 ದಿನಗಳ ಗಡುವು, ತಪ್ಪಿದರೆ ಮೇಲ್ಮನವಿಯ ದಾರಿ ಇರುವುದರಿಂದಲೋ ಏನೋ, ಸಿಬ್ಬಂದಿಯವರು ಹಳೆಯ ಗಂಟು ಬಿಚ್ಚಿ ನಕ್ಷೆಯನ್ನು ಹುಡುಕಿಕೊಟ್ಟರು. ಉದ್ಯಾನದ ಅಳತೆ ಅದರಲ್ಲಿ ಸ್ಪಷ್ಟವಾಗಿದೆ. ಅದನ್ನು ಲಗತ್ತಿಸಿ ಕೊಟ್ಟ ಹೊಸ ಮನವಿಗೆ ನಮೂನೆಯ ಹಿಂಬರಹ ಬರಲಿಲ್ಲ. ಕಿರಿಯ ಅಭಿಯಂತರರು ತಾವೇ ಸ್ಥಳಕ್ಕೆ ಬಂದು ನೋಡಿ, ನಮ್ಮ ಉದ್ಯಾನದ ಜಾಗದಲ್ಲೂ ಎದ್ದಿದ್ದ ಶೆಡ್ಡಿನವರಿಗೆ ನೋಟಿಸು ಕೊಡಿಸಿದರು.

ಈ ಸೇವೆಯನ್ನು ಬಳಸಹೊರಟವರು ಒಂದು ಮನವಿಯಲ್ಲಿ ಒಂದೇ ಬೇಡಿಕೆ ಇಡುವುದು ಲೇಸು. ದೀಪ, ನೀರು, ಗಡಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದರೆ ಸುಲಭವಾದದ್ದನ್ನು ಮಾಡಿ ಇಡೀ ಮನವಿಯನ್ನೇ ಮುಗಿಸಿಬಿಡುತ್ತಾರೆ. ಸ್ವೀಕೃತಿಗೆ ಐದಕ್ಕೆ ಐದು ಅಂಕ, ದುರಸ್ತಿಗೆ ಮೂರು, ಹಿಂಬರಹಕ್ಕೆ ಒಂದು ಕೊಡುತ್ತೇನೆ. ಅಳತೆಗಾಗಿ ಭೂಮಾಪನ ಇಲಾಖೆಗೆ ಪತ್ರ ಹೋಗಿದೆ; ಗಡಿಕಲ್ಲುಗಳನ್ನು ನೆಟ್ಟ ಮೇಲೆ ಒಟ್ಟು ಅಂಕವನ್ನು ತಿದ್ದುವುದಕ್ಕೆ ನನ್ನ ಅಭ್ಯಂತರವಿಲ್ಲ, ಈಗ ಐದರಲ್ಲಿ ಎರಡು.