ಎಲಿವೇಟರ್ ಗೇರ್‌ಬಾಕ್ಸ್‌ಗೆ ‘ನ್ಯಾನೋ’ ಬಾಟಲಿ ಸುರಿಯುವ ಮುಂಚೆ ಇದನ್ನು ಓದಿ

ಮಂಡ್ಯ ಕಡೆಯ ರೈಸ್‌ಮಿಲ್‌ಗಳಿಗೆ ‘ನ್ಯಾನೋ ಅಡಿಟಿವ್’ (ಅತಿ ಸೂಕ್ಷ್ಮ ಕಣಗಳಿರುವ, ಎಣ್ಣೆಗೆ ಬೆರೆಸುವ ಸರಕು) ಅಂತ ಸಣ್ಣ ಬಾಟಲಿ ಹಿಡಿದು ಬರುವವರಿದ್ದಾರೆ. ಲೀಟರ್ ಎಣ್ಣೆಗೆ 100 ಎಂಎಲ್ ಹಾಕಿ ಸಾಕು, ಗೇರ್ ಸವೆಯೋದಿಲ್ಲ, ಕರೆಂಟ್ ಬಿಲ್ಲೂ ಇಳಿಯುತ್ತೆ ಅನ್ನೋದು ಅವರ ಮಾತು. ಇದನ್ನು ನಂಬಿ ಒಂದು ಮಿಲ್‌ನಲ್ಲಿ ಭತ್ತವನ್ನು ಬೆಲ್ಟಿನ ಮೇಲೆ ಮೇಲಕ್ಕೆತ್ತುವ ಎಲಿವೇಟರ್‌ನ ವರ್ಮ್ ಗೇರ್‌ಬಾಕ್ಸ್‌ಗೆ (ಸ್ಕ್ರೂನಂಥ ವರ್ಮ್ ಬ್ರಾಂಜ್ ಹಲ್ಲಿನ ವೀಲನ್ನು ತಿರುಗಿಸುವಂಥದ್ದು) ಹಾಕಿದರು. ಸೀಸನ್ ಮುಗಿದು ಮಿಲ್ ನಿಂತು, ಮತ್ತೆ ಶುರುವಾದ ಮೇಲೆ ಗೇರ್‌ಬಾಕ್ಸ್ ಮೈ ಮುಟ್ಟೋಕಾಗದಷ್ಟು ಕಾಯತೊಡಗಿತು. ಆಮೇಲೊಮ್ಮೆ ಕರೆಂಟ್ ಹೋದಾಗ, ತುಂಬಿದ್ದ ಎಲಿವೇಟರ್ ಹಿಂದಕ್ಕೆ ತಿರುಗಿ ಭತ್ತವೆಲ್ಲ ತಳದ ಪೆಟ್ಟಿಗೆಗೆ, ಅಂದರೆ ಬೂಟ್‌ಗೆ ಸುರಿದು ಬೆಲ್ಟ್ ಸಿಕ್ಕಿಕೊಂಡಿತು.

ಹಿಂದಕ್ಕೆ ತಿರುಗಿದ್ದೇಕೆ ಅನ್ನೋದನ್ನು ಮೊದಲು ನೋಡೋಣ, ಏಕೆಂದರೆ ಇದರಲ್ಲಿ ಕೈಕಾಲು ಹೋಗುವ ಅಪಾಯವಿದೆ. ವರ್ಮ್ ಗೇರ್ ತಾನಾಗಿಯೇ ಲಾಕ್ ಆಗುತ್ತೆ ಅಂತ ಬಹಳ ಜನ ನಂಬಿ, ಹಿಂದಕ್ಕೆ ತಿರುಗದಂತೆ ತಡೆಯುವ ಬೇರೆ ಬ್ಯಾಕ್‌ಸ್ಟಾಪ್ ಹಾಕಿರೋದಿಲ್ಲ. ಆ ಲಾಕ್ ನಿಂತಿರೋದು ಘರ್ಷಣೆಯ ಮೇಲೆ. ವರ್ಮ್‌ನ ಎಳೆಯ ಓರೆ 5 ಡಿಗ್ರಿ ಇದ್ದರೆ ಘರ್ಷಣೆಯ ಗುಣಾಂಕ ಸುಮಾರು 0.09ಕ್ಕಿಂತ ಮೇಲಿದ್ದಾಗ ಮಾತ್ರ ಅದು ಹಿಡಿದು ನಿಲ್ಲುತ್ತದೆ. ಘರ್ಷಣೆ ಇಳಿಸುವ ಸರಕು ಹಾಕಿ ಅದೇ ಗುಣಾಂಕವನ್ನು ಕೆಳಕ್ಕೆ ತಂದರೆ ಹಿಡಿತ ಹೋಯಿತು ಅಂತಲೇ ಲೆಕ್ಕ. ಬಾಟಲಿ ಹೇಳಿದ ಕೆಲಸವನ್ನೇ ಮಾಡಿದರೂ ತೊಂದರೆ ತಪ್ಪಿದ್ದಲ್ಲ! ಒಳಗೇ ಸ್ಪ್ರಾಗ್ (ಶಾಫ್ಟ್ ಹಿಂದಕ್ಕೆ ತಿರುಗಿದರೆ ಘರ್ಷಣೆಯಿಂದ ಕಚ್ಚಿ ಹಿಡಿಯುವ ಲೋಹದ ತುಂಡು) ಬ್ಯಾಕ್‌ಸ್ಟಾಪ್ ಇದ್ದು ಅದೇ ಎಣ್ಣೆಯಲ್ಲಿ ಮುಳುಗಿದ್ದರೂ ಜಾರಬಹುದು. ಅಂಥ ಕಡೆ ಮಾಲಿಬ್ಡಿನಂ ಡೈಸಲ್ಫೈಡ್‌ನಂಥ ಸರಕನ್ನು ಸಾಮಾನ್ಯವಾಗಿ ಬೇಡವೆಂದೇ ಹೇಳುತ್ತಾರೆ.

ಇನ್ನು ಬಿಸಿಯ ವಿಚಾರ. ಡ್ರೈನ್ ಪ್ಲಗ್ ಬಿಚ್ಚಿದಾಗ ಎಣ್ಣೆ ಸಲೀಸಾಗಿ ಇಳಿಯಲಿಲ್ಲ. ಮೊದಲು ಬಂದಿದ್ದು ಬೂದುಗಪ್ಪು ಪೇಸ್ಟು, ಬೆರಳಲ್ಲಿ ಉಜ್ಜಿದರೆ ಸಣ್ಣಗೆ ಗರಗರ. ಅದರ ಹಿಂದೆ ಬಂದ ಎಣ್ಣೆಯನ್ನು ಬಿಸಿಲಿಗೆ ಹಿಡಿದರೆ ಹೊನ್ನಿನ ಹುಡಿ ಮಿನುಗುತ್ತಿತ್ತು. ಪ್ಲಗ್ಗಿನ ಮ್ಯಾಗ್ನೆಟ್ ಮಾತ್ರ ಹೆಚ್ಚುಕಮ್ಮಿ ಕ್ಲೀನ್. ಮ್ಯಾಗ್ನೆಟ್ ಕ್ಲೀನಾಗಿದೆ ಅಂತ ಸಮಾಧಾನ ಪಡುವ ಹಾಗಿಲ್ಲ: ಸವೆದದ್ದು ಬ್ರಾಂಜ್ ವೀಲ್, ಬ್ರಾಂಜ್ ಮ್ಯಾಗ್ನೆಟ್‌ಗೆ ಹತ್ತೋದಿಲ್ಲ.

ಕಣ ನ್ಯಾನೋ ಆಗಿರೋದು ಬಿಡಿಬಿಡಿಯಾಗಿ ತೇಲುತ್ತಿರುವಷ್ಟು ಹೊತ್ತು ಮಾತ್ರ. 50 ನ್ಯಾನೋಮೀಟರ್ ಕಣಗಳು ಒಂದಕ್ಕೊಂದು ಅಂಟಿ 1 ಮೈಕ್ರಾನ್ (1000 ನ್ಯಾನೋಮೀಟರ್) ಗಂಟಾದರೆ, ಗಾತ್ರ 20 ಪಟ್ಟು, ತಳಕ್ಕಿಳಿಯುವ ವೇಗ 400 ಪಟ್ಟು. ಅಂಟದಂತೆ ತಡೆಯೋದು ಕಣದ ಮೈಗೆ ಹಚ್ಚಿದ ಓಲಿಕ್ ಆಸಿಡ್‌ನಂಥ ಲೇಪ. ನೀರು ಸೇರಿದರೆ ಅದರ ಆಟ ಕೆಡುತ್ತದೆ. ಕುಸುಬಲಕ್ಕಿ ಮಿಲ್‌ನಲ್ಲಿ ಆವಿಗೆ ಬರವೇ? ಗೇರ್‌ಬಾಕ್ಸ್ ಉಸಿರಾಡುವ ರಂಧ್ರವಾದ ಬ್ರೀದರ್‌ನಿಂದ ತೇವವೂ ಹೊಟ್ಟಿನ ಧೂಳೂ ಒಳಗೆ ಹೋಗುತ್ತವೆ. ಮಿಲ್ ತಿಂಗಳುಗಟ್ಟಲೆ ನಿಂತಾಗ ಗಂಟೆಲ್ಲ ತಳ ಸೇರಿ ಕೂರುತ್ತದೆ. ವರ್ಮ್ ಕೆಳಗಿರುವ ಮಾಡೆಲ್ ಆದರೆ ಅದು ಆ ಪೇಸ್ಟಿನಲ್ಲೇ ಹೂತಿರುತ್ತದೆ. ಸ್ವಿಚ್ ಒತ್ತಿದ ಕ್ಷಣ ಅದನ್ನೇ ಬ್ರಾಂಜ್ ಹಲ್ಲಿಗೆ ತಿಕ್ಕುತ್ತದೆ. ಕಣ ಅಲ್ಯೂಮಿನಾ ಆಗಿದ್ದರಂತೂ ಕೇಳೋದೇ ಬೇಡ, ಅದು ಸಾಣೆಕಲ್ಲಿನ ಸರಕು.

ಇನ್ನೊಂದು ಲೆಕ್ಕವನ್ನು ಯಾರೂ ಹಾಕೋದಿಲ್ಲ. ಬಾಟಲಿಯಲ್ಲಿ ಹೆಚ್ಚಿನಂಶ ಇರೋದು ತೆಳು ಎಣ್ಣೆ. ವಿಜಿ 460ಕ್ಕೆ (ವಿಜಿ ಅಂದರೆ ಎಣ್ಣೆಯ ಸ್ನಿಗ್ಧತೆಯ ಗ್ರೇಡ್, ಅಂಕಿ ಹೆಚ್ಚಿದಷ್ಟೂ ಎಣ್ಣೆ ಮಂದ) ಲೀಟರಿಗೆ 100 ಎಂಎಲ್‌ನಂತೆ ವಿಜಿ 32ರಷ್ಟು ತೆಳುವಾದದ್ದು ಬೆರೆಸಿದರೆ ಸ್ನಿಗ್ಧತೆ 340ರ ಆಸುಪಾಸಿಗೆ ಬರುತ್ತದೆ. ಅಂದರೆ ದುಡ್ಡು ಕೊಟ್ಟು ಎಣ್ಣೆಯನ್ನು ಒಂದು ಗ್ರೇಡ್ ಇಳಿಸಿಕೊಂಡಂತೆ. ಗೇರ್‌ಬಾಕ್ಸ್‌ನಲ್ಲಿರೋದು ಪಿಎಜಿ (ಪಾಲಿಆಲ್ಕಿಲೀನ್ ಗ್ಲೈಕಾಲ್) ಸಿಂಥೆಟಿಕ್ ಆಗಿದ್ದರೆ ಮಿನರಲ್ ಎಣ್ಣೆಯ ಬಾಟಲಿ ಅದರ ಜೊತೆ ಬೆರೆಯೋದೂ ಇಲ್ಲ.

ಬಾಟಲಿ ಮಾರುವವರು ತಿರುಗುವ ರಿಂಗ್‌ಗೆ ಲಿವರ್‌ನಿಂದ ಬೇರಿಂಗ್ ಒತ್ತಿ ತೋರಿಸುವ ಡೆಮೋಗೆ ಮರುಳಾಗಬೇಡಿ. ಕ್ಲೋರಿನ್ ಇರುವ ಅಗ್ಗದ ರಾಸಾಯನಿಕ ಹಾಕಿದರೂ ಅಲ್ಲಿ ಲಿವರ್ ಮೇಲೆ ತೂಕದ ಮೇಲೆ ತೂಕ ನಿಲ್ಲುತ್ತದೆ. ತೇವ ಸೇರಿದರೆ ಅದೇ ಕ್ಲೋರಿನ್ ಆಮ್ಲವಾಗಿ ಲೋಹ ತಿನ್ನುತ್ತದೆ. ಕ್ಲ್ಯಾಂಪ್ ಮೀಟರ್‌ನಲ್ಲಿ ಆಂಪ್ಸ್ ಇಳಿದದ್ದೂ ಪುರಾವೆಯಲ್ಲ: ಎಣ್ಣೆ ಕಾದರೆ, ಭತ್ತದ ಹರಿವು ಕಮ್ಮಿಯಾದರೆ ಆಂಪ್ಸ್ ತಾನಾಗಿಯೇ ಇಳಿಯುತ್ತದೆ. ಅಳೆಯೋದಾದರೆ ಅದೇ ಲೋಡ್, ಅದೇ ಬಿಸಿಯಲ್ಲಿ ಕಿಲೋವ್ಯಾಟ್ ಅಳೆಯಿರಿ.

ಹಾಗಂತ ನ್ಯಾನೋ ಅನ್ನೋದೇ ಮೋಸವಲ್ಲ. ಈರುಳ್ಳಿಯಂತೆ ಪದರ ಪದರವಾಗಿರುವ ಟಂಗ್‌ಸ್ಟನ್ ಡೈಸಲ್ಫೈಡ್ ಕಣಗಳನ್ನು 1992ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರೆಶೆಫ್ ಟೆನ್ನೆ ತಂಡ ವರದಿ ಮಾಡಿತು. ಒತ್ತಡದಲ್ಲಿ ಪದರ ಬಿಚ್ಚಿ ಲೋಹಕ್ಕೆ ಅಂಟಿ ಕಾಪಾಡುವ ಗುಣ ಅದಕ್ಕಿದೆ. ಆದರೆ ಅಳತೆ ಮೀರಿದರೆ ಸವೆತ ಹೆಚ್ಚುತ್ತದೆ, ಪ್ರಯೋಗಗಳಲ್ಲಿ ಒಳ್ಳೆಯ ಫಲ ಸಾಮಾನ್ಯವಾಗಿ ಸಿಗೋದು ತೂಕದಲ್ಲಿ ಶೇಕಡ 1ರ ಒಳಗೆ. 3 ಲೀಟರ್ ಎಣ್ಣೆಗೆ ಅದು ಹೆಚ್ಚೆಂದರೆ 27 ಗ್ರಾಂ. ಬಾಟಲಿಯಲ್ಲಿ ಯಾವ ಕಣ, ಎಷ್ಟು ಗ್ರಾಂ, ನಿಮ್ಮ ಗ್ರೇಡ್ ಎಣ್ಣೆಯಲ್ಲೇ ಮಾಡಿದ ಫೋರ್‌ಬಾಲ್ ಟೆಸ್ಟ್ (ಸವೆತ ಅಳೆಯುವುದು) ಮತ್ತು ಕಾಪರ್ ಸ್ಟ್ರಿಪ್ ಟೆಸ್ಟ್ (ಎಣ್ಣೆ ತಾಮ್ರವನ್ನು ತಿನ್ನುತ್ತದೆಯೇ ನೋಡುವುದು) ಫಲಿತಾಂಶ ಏನು ಅಂತ ಕೇಳಿ. ಬಾಯಿ ಮಾತಲ್ಲೇ ಉತ್ತರ ಕೊಟ್ಟರೆ ವಾಪಸ್ ಕಳಿಸಿ.

ಎಲಿವೇಟರ್‌ನಲ್ಲಿ ಗೇರ್‌ಬಾಕ್ಸ್ ಕೂರೋದು ಮೇಲುಗಡೆ. ಸೀಲ್ ಸೋರಿದರೆ ಎಣ್ಣೆ ಅಕ್ಕಿಗೇ ಇಳಿಯಬಹುದು. ಎಚ್‌1 ಫುಡ್‌ಗ್ರೇಡ್ (ಆಹಾರಕ್ಕೆ ಅಕಸ್ಮಾತ್ ತಗುಲಬಹುದಾದ ಕಡೆಗೆಂದೇ ಇರುವ) ಎಣ್ಣೆ ಹಾಕಿರುವವರು ಈ ಬಾಟಲಿ ಸುರಿದರೆ ಆ ಗ್ರೇಡ್‌ಗೆ ಅರ್ಥವೇ ಉಳಿಯೋದಿಲ್ಲ. ಸೋರುವ ಸೀಲ್, ಕಟ್ಟಿಕೊಂಡ ಬ್ರೀದರ್ ಬದಲಾಯಿಸದೆ ನ್ಯಾನೋ ಹಾಕೋದು ಹೊಟ್ಟೆಗೆ ಹಿಟ್ಟಿಲ್ಲದವರು ಜುಟ್ಟಿಗೆ ಮಲ್ಲಿಗೆ ಮುಡಿದ ಹಾಗೆ.

ಈಗಾಗಲೇ ಹಾಕಿದ್ದರೆ ಎಲಿವೇಟರ್ ಖಾಲಿ ಮಾಡಿ, ಎಣ್ಣೆ ಬಿಸಿಯಿರುವಾಗಲೇ ಇಳಿಸಿ. ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ತೆಗೆದಿಟ್ಟು, ಕವರ್ ಬಿಚ್ಚಿ ತಳದ ಪೇಸ್ಟನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿ. ಕಾಟನ್ ವೇಸ್ಟ್ ಬೇಡ. ಸೀಮೆಎಣ್ಣೆ, ಡೀಸೆಲ್ ಹಾಕಿ ತೊಳೆದರೆ ಮೂಲೆಯಲ್ಲಿ ಉಳಿದದ್ದು ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ. ಅದರ ಬದಲು ಅದೇ ಜಾತಿಯ ವಿಜಿ 100 ಹಾಕಿ ಲೋಡ್ ಇಲ್ಲದೆ 10 ನಿಮಿಷ ಓಡಿಸಿ ಇಳಿಸಿ, ನಂತರ ಕಂಪನಿ ಹೇಳಿದ ಎಣ್ಣೆ ತುಂಬಿ. ನೂರು ಗಂಟೆ ಓಡಿದ ಮೇಲೆ ಅದನ್ನೂ ಒಮ್ಮೆ ಬದಲಾಯಿಸಿ. ಬ್ಯಾಕ್‌ಸ್ಟಾಪ್ ಇದ್ದರೆ ಬಿಚ್ಚಿ, ಸ್ಪ್ರಾಗ್‌ಗಳ ಮೈ ಚಪ್ಪಟೆಯಾಗಿದ್ದರೆ ಹೊಸದು ಹಾಕಿ. ಇಲ್ಲದಿದ್ದರೆ ಎಲಿವೇಟರ್‌ನ ಮೇಲ್ತುದಿಯ ಹೆಡ್ ಶಾಫ್ಟ್‌ಗೆ, ಎಣ್ಣೆ ಹಂಚಿಕೊಳ್ಳದ ಬೇರೆಯದೊಂದು ಕೂರಿಸಿ. ಇಳಿಸಿದ ಎಣ್ಣೆಯನ್ನು ನಾಲೆಗೆ ಬಿಡದೆ ಡ್ರಮ್‌ನಲ್ಲಿಟ್ಟು, ಪರವಾನಗಿ ಇರುವ ರೀಸೈಕಲ್‌ನವರಿಗೇ ಕೊಡಿ.